ಕಾಫಿ ಚೀಲದ ಮೇಲೆ ಮುದ್ರೆ ಬಿದ್ದ ಬಗೆ

ಸುಸ್ಥಿರ ಕಾಫಿಯ ಪ್ರಮಾಣಪತ್ರ ಹುಟ್ಟಿದ್ದು ಬೆಲೆಯ ಜಗಳದಿಂದ. ಮೆಕ್ಸಿಕೋದ ಒಹಾಕಾ ರಾಜ್ಯದ ಗುಡ್ಡಗಾಡಿನಲ್ಲಿ ಸಣ್ಣ ಬೆಳೆಗಾರರು ದಲ್ಲಾಳಿ ಹೇಳಿದ ದರಕ್ಕೇ ಕಾಫಿ ಕೊಡಬೇಕಿತ್ತು. ದಲ್ಲಾಳಿಗಳನ್ನು ಅಲ್ಲಿಯವರು 'ಕೊಯೋಟೆ' ಎನ್ನುತ್ತಿದ್ದರು. ಅದು ತೋಳದ ಜಾತಿಯ ಪ್ರಾಣಿ. 1980ರ ದಶಕದ ಆರಂಭದಲ್ಲಿ ಈ ಬೆಳೆಗಾರರು 'ಯುಸಿರಿ' ಎಂಬ ಸಹಕಾರ ಸಂಘ ಕಟ್ಟಿಕೊಂಡರು. ದಾನ ಬೇಡ, ಬೆಳೆಗೆ ತಕ್ಕ ಬೆಲೆ ಸಿಕ್ಕರೆ ಸಾಕು ಎಂಬುದು ಅವರ ಮಾತು. ಅವರ ನಡುವೆ ಇದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡೆರ್ ಹಾಫ್ ಆ ಮಾತನ್ನು ನೆದರ್ಲೆಂಡ್ಸ್‌ಗೆ ಮುಟ್ಟಿಸಿದರು. ಸಾಲಿಡಾರಿಡಾಡ್ ಸಂಸ್ಥೆಯ ನಿಕೊ ರೋಜೆನ್ ಜೊತೆಗೂಡಿ 1988ರ ನವೆಂಬರ್‌ನಲ್ಲಿ 'ಮ್ಯಾಕ್ಸ್ ಹಾವೆಲಾರ್' ಮುದ್ರೆಯನ್ನು ಹೊರತಂದರು. ಜಾವಾದ ಜನರ ಮೇಲೆ ಡಚ್ ಆಡಳಿತ ನಡೆಸಿದ ಶೋಷಣೆಯನ್ನು ಬಯಲಿಗೆಳೆದ 1860ರ ಕಾದಂಬರಿಯ ಹೆಸರದು.

ಆ ಮುದ್ರೆ ಹೊಸ ಕಾಫಿ ಪುಡಿಯ ಬ್ರ್ಯಾಂಡ್ ಆಗಿರಲಿಲ್ಲ. ಬೆಳೆಗಾರನಿಗೆ ಕನಿಷ್ಠ ದರ ಕೊಡುವ ಷರತ್ತು ಒಪ್ಪುವ ಯಾವ ಕಂಪನಿಯಾದರೂ ತನ್ನ ಪೊಟ್ಟಣದ ಮೇಲೆ ಹಾಕಿಕೊಳ್ಳಬಹುದಾದ ಗುರುತು. ಮುಂದಿನ ಹಲವು ಪ್ರಮಾಣಪತ್ರಗಳಿಗೂ ಈ ಯೋಚನೆಯೇ ತಳಹದಿ. ಕಾಲವೂ ಕೂಡಿಬಂತು: 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ನಿಂತುಹೋಗಿ ಬೆಲೆ ಕುಸಿದಾಗ ಕನಿಷ್ಠ ದರದ ಬೆಲೆ ಏನೆಂದು ಎಲ್ಲರಿಗೂ ತಿಳಿಯಿತು.

ಮರ, ಹಕ್ಕಿಗಳ ಮಾತು ಬಂದದ್ದು ಆಮೇಲೆ. ಹೆಚ್ಚು ಇಳುವರಿಗಾಗಿ ಮಧ್ಯ ಅಮೆರಿಕದ ತೋಟಗಳಲ್ಲಿ ನೆರಳು ಮರಗಳನ್ನು ಕಡಿದುದರಿಂದ ವಲಸೆ ಹಕ್ಕಿಗಳು ನೆಲೆ ಕಳೆದುಕೊಳ್ಳುತ್ತಿದ್ದವು. 1990ರ ದಶಕದಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ 'ಬರ್ಡ್ ಫ್ರೆಂಡ್ಲಿ' ಮತ್ತು ರೇನ್‌ಫಾರೆಸ್ಟ್ ಅಲಯನ್ಸ್‌ನ ಮುದ್ರೆಗಳು ಇದಕ್ಕೆ ಉತ್ತರವಾಗಿ ಬಂದವು. ಅದೇ ದಶಕದ ಕೊನೆಗೆ ಗ್ವಾಟೆಮಾಲಾದ ಬೆಳೆಗಾರರು ಮತ್ತು ಡಚ್ ಹುರಿಗಾರರು ಸೇರಿ 'ಉಟ್ಜ್ ಕಾಪೆ' ಆರಂಭಿಸಿದರು. ಮಾಯಾ ಭಾಷೆಯಲ್ಲಿ 'ಒಳ್ಳೆ ಕಾಫಿ' ಎಂದರ್ಥ. ಇದರಲ್ಲಿ ಕನಿಷ್ಠ ದರವಿರಲಿಲ್ಲ. ದೊಡ್ಡ ಖರೀದಿದಾರರು ಬೇಗ ಒಲಿದದ್ದಕ್ಕೆ ಇದೂ ಒಂದು ಕಾರಣ. ಮೊದಲಿನ ಬೆಲೆಯ ಜಗಳ ಹಿಂದೆ ಸರಿದದ್ದೂ ಇಲ್ಲಿಯೇ. 2018ರಲ್ಲಿ ಉಟ್ಜ್ ರೇನ್‌ಫಾರೆಸ್ಟ್ ಅಲಯನ್ಸ್‌ನೊಳಗೆ ಸೇರಿತು.

ಕರ್ನಾಟಕಕ್ಕೆ ಈ ಪ್ರಮಾಣಪತ್ರದ ಪದ್ಧತಿ ತಡವಾಗಿ ಬಂತು. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯಲ್ಲಿ ಎಲ್ಲರ ಬೆಳೆಯೂ ಒಂದೇ ರಾಶಿಗೆ ಬೀಳುತ್ತಿದ್ದುದರಿಂದ ಯಾವ ಕಾಫಿ ಯಾವ ತೋಟದ್ದೆಂಬ ಗುರುತೇ ಉಳಿಯುತ್ತಿರಲಿಲ್ಲ. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾದ ಮೇಲೆ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳು ತಮ್ಮ ಹೆಸರಿನಲ್ಲೇ ವ್ಯಾಪಾರಕ್ಕಿಳಿದವು. ಅತ್ತಿ, ಹಲಸಿನಂಥ ಮರಗಳ ನೆರಳಲ್ಲೇ ಬೆಳೆದ ಕಾಫಿಗೆ ಪರಿಸರದ ಷರತ್ತು ಹೊಸದೇನಲ್ಲ. ಕಷ್ಟವಾದದ್ದು ಬರೆದಿಡುವುದು. ಔಷಧಿ ಹೊಡೆದ ದಿನ, ಅದರ ಹೆಸರು, ಪ್ರಮಾಣ, ಹೊಡೆದವರು ಕೈಗವಸು ಹಾಕಿದ್ದರೇ, ಪಲ್ಪರ್ ನೀರು ಹಳ್ಳಕ್ಕೆ ಸೇರದೆ ಎಲ್ಲಿ ಇಂಗಿತು, ಲೈನ್ ಮನೆಗೆ ಕುಡಿಯುವ ನೀರು ಎಲ್ಲಿಂದ ಬಂತು, ಎಲ್ಲಕ್ಕೂ ದಾಖಲೆ ಬೇಕು. ಕಣದಲ್ಲಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಪ್ರಮಾಣಪತ್ರ ಪಡೆದ ಕಾಫಿಯ ಚೀಲ ಬೇರೆಯಾಗಿಯೇ ಇರಬೇಕು. ವ್ಯಾಪಾರಿಯ ಲೆಕ್ಕದಲ್ಲಿ ಕೊಂಡದ್ದಕ್ಕಿಂತ ಮಾರಿದ್ದು ಹೆಚ್ಚಾಗಬಾರದು. ದೊಡ್ಡ ಎಸ್ಟೇಟಿಗೆ ಇದಕ್ಕೊಬ್ಬ ರೈಟರ್ ಇರುತ್ತಾನೆ. ಮೂರು ಎಕರೆಯವನು ಗುಂಪು ಸೇರದೆ ತಪಾಸಣೆಯ ಖರ್ಚು ಹೊರಲಾರ.

2023ರಲ್ಲಿ ಐರೋಪ್ಯ ಒಕ್ಕೂಟ ಅರಣ್ಯನಾಶ ತಡೆ ಕಾನೂನು ತಂದಿತು. ಐಚ್ಛಿಕ ಮುದ್ರೆಯ ಪಕ್ಕದಲ್ಲಿ ಈಗ ಕಡ್ಡಾಯದ ನಿಯಮ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಜಾರಿ ಮುಂದೂಡಲ್ಪಟ್ಟರೂ ಷರತ್ತು ಉಳಿದಿದೆ. ತೋಟ ನಾಲ್ಕು ಹೆಕ್ಟೇರ್ ಮೀರಿದರೆ ಅಕ್ಷಾಂಶ-ರೇಖಾಂಶಗಳಿಂದ ಗಡಿ ಪೂರ್ತಿ ಗುರುತಿಸಬೇಕು, ಚಿಕ್ಕದಾದರೆ ಒಂದು ಬಿಂದು ಸಾಕು. ಬೆಳೆಗಾರನಿಗೆ ಸಿಗಬೇಕಾದ ದರದ ಬಗ್ಗೆ ಈ ಕಾನೂನಿನಲ್ಲಿ ಯಾವ ಕನಿಷ್ಠ ಮಿತಿಯೂ ಇಲ್ಲ.