ಮನೆಮಾತಿಗೆ ಎಷ್ಟು ಕಾಲಂ?

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳ ವಿವರಗಳನ್ನು ಕಂಪ್ಯೂಟರಿಗೆ ಏರಿಸಬೇಕಾಗಿ ಬಂದಿತು. ಮೇಲಿನ ಕಚೇರಿಯೊಂದರಿಂದ ಬಂದ ನಮೂನೆಯಲ್ಲಿ ‘ಮಾತೃಭಾಷೆ’ ಎಂಬ ಒಂದು ಕಾಲಂ, ಆರಿಸಿಕೊಳ್ಳಲು ನಾಲ್ಕಾರು ಹೆಸರು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಾಯಿಯೊಡನೆ ತುಳು, ತಂದೆಯೊಡನೆ ಮಲಯಾಳ ಮಾತನಾಡುವವಳು. ಓದು ಬರಹವೆಲ್ಲ ಕನ್ನಡ. ಪಟ್ಟಿಯಲ್ಲಿ ತುಳುವೇ ಇರಲಿಲ್ಲ. ‘ಇತರೆ’ ಎಂದು ಒತ್ತಿದೆ. ಆ ತರಗತಿಯ ಅರ್ಧದಷ್ಟು ಮಕ್ಕಳು ಹೀಗೆ ‘ಇತರೆ’ಯಾದರು. ಎಣಿಕೆಯಲ್ಲಿ ಕಾಣದ್ದು ಬೇಡಿಕೆಯಲ್ಲಿಯೂ ಕಾಣುವುದಿಲ್ಲವೆಂಬುದು ಗಡಿನಾಡಿನವರಾದ ನಮಗೆ ಹೊಸ ಪಾಠವೇನಲ್ಲ.

ತಪ್ಪು ಯಂತ್ರದ್ದೆಂದೇ ತಿಳಿದಿದ್ದೆ. ಅದು ಕೋಷ್ಟಕ ಹಾಕಿದವರದೆಂದು ಆಮೇಲೆ ತಿಳಿಯಿತು.

ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟು, ಒಂದರಲ್ಲಿರುವ ಸಂಖ್ಯೆಯ ಮೂಲಕ ಇನ್ನೊಂದಕ್ಕೆ ಸಂಬಂಧ ಕಲ್ಪಿಸುವ ಕ್ರಮವನ್ನು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಎಂಬವರು 1970ರಲ್ಲಿ ಮುಂದಿಟ್ಟರು. ಈ ಬಗೆಯ ಡೇಟಾಬೇಸಿನಲ್ಲಿ ಕಾಲಮ್ಮುಗಳು ಮೊದಲೇ ನಿಶ್ಚಯವಾಗಿರಬೇಕು. ಪ್ರಾಯದ ಕಾಲಮ್ಮಿನಲ್ಲಿ ಅಕ್ಷರ ಬರೆದರೆ ಅದು ಒಪ್ಪದು. ಒಳ್ಳೆಯದೇ. ಆದರೆ ನಾಳೆ ಹೊಸದೊಂದು ಪ್ರಶ್ನೆ ಬಂದರೆ ಕೋಷ್ಟಕವನ್ನೇ ತಿದ್ದಬೇಕು. ಕೆಲವರು ‘ಹೆಚ್ಚಿನದು 1’, ‘ಹೆಚ್ಚಿನದು 2’ ಎಂದು ಖಾಲಿ ಕಾಲಂ ಬಿಡುತ್ತಾರೆ. ಎರಡು ವರ್ಷ ಕಳೆದರೆ ಅಲ್ಲಿರುವುದು ರಕ್ತದ ಗುಂಪೋ ಬಸ್ಸಿನ ದಾರಿಯೋ ಬರೆದವರಿಗೇ ನೆನಪಿರುವುದಿಲ್ಲ.

ಇದಕ್ಕೆ ಉಪಾಯವಿದೆ. ಮೂರು ಪುಸ್ತಕಗಳನ್ನು ಕಲ್ಪಿಸಿಕೊಳ್ಳಿ. ಒಂದರಲ್ಲಿ ಮಕ್ಕಳ ಕ್ರಮಸಂಖ್ಯೆ, ಹೆಸರು. ಎರಡನೆಯದು ಪ್ರಶ್ನೆಗಳ ಪುಸ್ತಕ: ಪ್ರಶ್ನೆ ಯಾವುದು, ಉತ್ತರ ಅಂಕಿಯೋ ತಾರೀಕೋ ಪಟ್ಟಿಯಿಂದ ಆರಿಸುವುದೋ, ಒಂದೇ ಉತ್ತರವೋ ಹಲವೋ. ಮೂರನೆಯದರಲ್ಲಿ ಮಗುವಿನ ಸಂಖ್ಯೆ, ಪ್ರಶ್ನೆಯ ಸಂಖ್ಯೆ, ಉತ್ತರ. ನಮ್ಮ ಹುಡುಗಿಯ ಮನೆಮಾತಿಗೆ ಈಗ ಎರಡು ಸಾಲು. ಮಳೆಗಾಲದಲ್ಲಿ ಸಂಕ ದಾಟಿ ಬರುವವರಾರು ಎಂದು ಕೇಳಬೇಕಾದರೆ ಪ್ರಶ್ನೆಗಳ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದರಾಯಿತು. ಕೋಷ್ಟಕಕ್ಕೆ ಕೈ ಹಚ್ಚಬೇಕಿಲ್ಲ.

ಆದರೆ ಈ ಅನುಕೂಲ ಬಿಟ್ಟಿ ದೊರೆಯುವುದಿಲ್ಲ. ಒಂದು ಮಗುವಿನ ಪೂರ್ಣ ವಿವರಕ್ಕೆ ಹತ್ತಾರು ಸಾಲುಗಳನ್ನು ಹೆಕ್ಕಬೇಕು. ಲಕ್ಷಗಟ್ಟಲೆ ಸಾಲುಗಳಾದರೆ ಯಂತ್ರವೂ ಏದುಸಿರು ಬಿಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಡೇಟಾಬೇಸಿನ ಕಾವಲು ಸಡಿಲವಾಗುವುದು. ಉತ್ತರದ ಕಾಲಮ್ಮಿನಲ್ಲಿ ‘13’ ಎಂದರೂ ‘ಹದಿಮೂರು’ ಎಂದರೂ ಒಳಗೆ ಹೋಗುತ್ತದೆ.

ಓಪನ್ ಎಂ.ಆರ್.ಎಸ್. ಎಂಬ ವೈದ್ಯಕೀಯ ದಾಖಲೆ ವ್ಯವಸ್ಥೆಯವರು ಇದನ್ನು ಚೆನ್ನಾಗಿಯೇ ಯೋಚಿಸಿದ್ದಾರೆ. ಇದರ ಕೆಲಸ 2004ರಲ್ಲಿ ಆರಂಭವಾಯಿತು. ಕೀನ್ಯಾದ ಎಲ್ಡೊರೆಟ್‌ನ ಏಡ್ಸ್ ಚಿಕಿತ್ಸಾ ಕಾರ್ಯದ ಅಗತ್ಯಗಳು ಅದಕ್ಕೆ ಪ್ರೇರಣೆ. ಉತ್ತರಗಳ ಕೋಷ್ಟಕ ಒಂದೇ ಆದರೂ ಅಂಕಿಗೆ, ತಾರೀಕಿಗೆ, ಬರಹಕ್ಕೆ, ಪಟ್ಟಿಯಿಂದ ಆರಿಸಿದ್ದಕ್ಕೆ ಬೇರೆ ಬೇರೆ ಕಾಲಂ. ನನಗೆ ಬಹಳ ಹಿಡಿಸಿದ್ದು ಮತ್ತೊಂದು: ಅಲ್ಲಿ ಪ್ರಶ್ನೆಗೆ ಇರುವುದು ಸಂಖ್ಯೆ ಮಾತ್ರ, ಅದರ ಹೆಸರುಗಳು ಬೇರೆ ಕೋಷ್ಟಕದಲ್ಲಿ, ಭಾಷೆಗೊಂದರಂತೆ. ಅದೇ ಪ್ರಶ್ನೆಯನ್ನು ನಮ್ಮ ಶಾಲೆ ಕನ್ನಡದಲ್ಲಿ ಓದಬಹುದು, ಪಕ್ಕದ ಶಾಲೆ ಮಲಯಾಳದಲ್ಲಿ, ಎಣಿಕೆ ಒಂದೇ. ಗಡಿನಾಡಿನ ಕಚೇರಿಗಳಿಗೆ ಇದಕ್ಕಿಂತ ಒಪ್ಪುವ ಏರ್ಪಾಡನ್ನು ನಾನು ಕಂಡಿಲ್ಲ.

ಬೇರೆ ದಾರಿಯೂ ಇದೆ. 2014ರಲ್ಲಿ ಹೊರಬಂದ ಪೋಸ್ಟ್‌ಗ್ರೆಸ್ 9.4ರಲ್ಲಿ ಒಂದೇ ಕಾಲಮ್ಮಿನೊಳಗೆ ಹಲವು ವಿವರಗಳ ಗಂಟನ್ನು ಕಟ್ಟಿಟ್ಟು, ಬೇಕಾದುದನ್ನು ಬೇಗ ಹುಡುಕಬಹುದು. ಗಂಟಿನೊಳಗೆ ಒಬ್ಬರು ‘ಮನೆಮಾತು’, ಇನ್ನೊಬ್ಬರು ‘ಮನೆಭಾಷೆ’ ಎಂದು ಬರೆದರೆ ಕೇಳುವವರಿಲ್ಲ, ಅಷ್ಟೆ.

ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೂರಿಸಿಕೊಂಡು ನಮ್ಮ ಶಾಲೆಯ ಮಟ್ಟಿಗೆ ಇಂಥದೊಂದನ್ನು ಮಾಡಿಕೊಂಡೆವು. ಹೆಸರು, ಜನ್ಮದಿನಾಂಕದಂತಹ ಎಲ್ಲರಿಗೂ ಇರಲೇಬೇಕಾದವನ್ನು ಸ್ಥಿರ ಕಾಲಮ್ಮಿನಲ್ಲಿಯೇ ಉಳಿಸಿದೆವು. ಎಲ್ಲವನ್ನೂ ಸಡಿಲ ಬಿಡುವುದು ಜಾಣತನವಲ್ಲ. ಪ್ರಶ್ನೆ ಸೇರಿಸುವ ಅಧಿಕಾರ ಒಬ್ಬರಿಗೆ ಮಾತ್ರ. ಭಾಷೆಗಳ ಪಟ್ಟಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ, ಕರಾಡ ಎಲ್ಲ ಇವೆ. ಇಲ್ಲದ್ದು ಬಂದರೆ ಸೇರಿಸುತ್ತೇವೆ. ಕಚೇರಿಗೆ ಕಳುಹಿಸುವ ಪಟ್ಟಿಯ ಜೊತೆಗೆ ಈ ಎಣಿಕೆಯನ್ನೂ ಲಗತ್ತಿಸಿ, ಸ್ವೀಕೃತಿಯ ರಶೀದಿ ಕೇಳಿ ಪಡೆಯುತ್ತಿದ್ದೇವೆ.