ಹತ್ತು ದಿನ ತಡವಾಗಿ ಬರುವ ಭಯ

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡ ಇನ್ನೂ ರಾಯಚೂರು ಜಿಲ್ಲೆಗೆ ಸೇರಿದ್ದ ಕಾಲ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಸೇವೆಗೆ ಸೇರಿ ಹೆಚ್ಚು ವರ್ಷವಾಗಿರದ ನಾನು ಆ ಹೋಬಳಿಯ ಹಳ್ಳಿಯೊಂದಕ್ಕೆ ಮಳೆಹಾನಿಯ ಪಂಚನಾಮೆಗೆಂದು ಹೋಗಿದ್ದೆ. ಅದು ಬರಕ್ಕೆ ಹೆಸರಾದ ಸೀಮೆ. ಆದರೆ ಜಡಿಮಳೆ ನಾಲ್ಕು ದಿನ ಹಿಡಿದರೆ ಅಲ್ಲಿನ ಮಣ್ಣಿನ ಮಾಳಿಗೆಗಳು ನೀರು ಕುಡಿದು ಭಾರವಾಗಿ ತೊಲೆ ಸಹಿತ ಕುಸಿಯುತ್ತವೆ. ಹಾಗೆ ಕುಸಿದ ಮನೆಯೊಂದರೊಳಗೆ ಮಧ್ಯವಯಸ್ಸಿನ ಮಹಿಳೆಯೊಬ್ಬರು ಸುಮಾರು ಎರಡು ತಾಸು ಅಲುಗಾಡಲಾಗದೆ ಸಿಕ್ಕಿಕೊಂಡಿದ್ದರು. ನೆರೆಹೊರೆಯವರು ಹೊರಗೆಳೆದರು. ತರಚಿದ ಗಾಯ ಬಿಟ್ಟರೆ ಬೇರೇನೂ ಆಗಿರಲಿಲ್ಲ. ಮರುದಿನ ನಾನು ಹೋದಾಗ ಆಕೆ ಮಣ್ಣಿನಡಿಯಿಂದ ಪಾತ್ರೆಗಳನ್ನು ಹೆಕ್ಕುತ್ತಿದ್ದರು. ಪಕ್ಕದ ಮನೆಯಿಂದ ನಮಗೆ ಚಹಾ ಕೂಡ ತರಿಸಿಕೊಟ್ಟರು. ಗಟ್ಟಿ ಹೆಂಗಸು ಎಂದು ಜೊತೆಗಿದ್ದವರಿಗೆ ನಾನು ಹೇಳಿದ್ದೆ.

ತಿಂಗಳ ತರುವಾಯ ಪರಿಹಾರದ ಹಣ ತಲುಪಿತೇ ಎಂದು ನೋಡಲು ಹೋದೆ. ಹಣ ತಲುಪಿತ್ತು, ಮನೆ ರಿಪೇರಿಯಾಗಿತ್ತು. ಆದರೆ ಆಕೆ ಮಲಗುತ್ತಿದ್ದುದು ಗುಡಿಯ ಕಟ್ಟೆಯ ಮೇಲೆ. 'ಯಾಕವ್ವ?' ಎಂದು ಕೇಳಿದೆ. 'ಆವತ್ತ ಏನೂ ಅನ್ಸಲಿಲ್ರೀ ಸಾಹೇಬ್ರ. ಎಂಟ್ಹತ್ತು ದಿನ ಆದಮ್ಯಾಲೆ ಶುರು ಆತ್ರಿ. ಒಳಗ ಮಲಗಿದ್ರ ಮ್ಯಾಲಿಂದ ಮಣ್ಣು ಉದುರಿದಂಗ ಆಗತೈತಿ' ಎಂದರು. ಇದಕ್ಕೆ ಏನು ಮಾಡಬೇಕೆಂದು ನನಗೆ ತೋಚಲಿಲ್ಲ. ನನ್ನ ನಮೂನೆಯಲ್ಲಿ ಜೀವಹಾನಿ, ಮನೆಹಾನಿ, ಜಾನುವಾರು ಹಾನಿ, ಬೆಳೆಹಾನಿ ಎಂಬ ಅಂಕಣಗಳಿದ್ದವು. ಅಲ್ಲಿಗೆ ಕಡತ ಮುಗಿದಿತ್ತು.

ನಿವೃತ್ತಿಯ ನಂತರ ಓದಲು ಬಿಡುವು ಸಿಕ್ಕಿತು. ಬೆಂಗಳೂರಿನ ಇಲಿಗಳ ಬಗ್ಗೆ ಓದುವಾಗ ಆ ಹೆಣ್ಣುಮಗಳ ಮಾತು ಮತ್ತೆ ನೆನಪಾಯಿತು.

ಇಲಿಯ ಭಯವನ್ನು ನಮ್ಮ ರೈತರು ಪ್ರಯೋಗಾಲಯವಿಲ್ಲದೆಯೇ ಬಲ್ಲರು. ಜೋಳದ ಹಗೇವು ತೆರೆದಾಗ ಬೆಳಕು ಬಿದ್ದ ಇಲಿ ಓಡುವ ಮೊದಲು ಒಂದು ಕ್ಷಣ ಕಲ್ಲಿನಂತೆ ನಿಂತುಬಿಡುತ್ತದೆ. ವಿಜ್ಞಾನಿಗಳು ಅಳೆಯುವುದೂ ಈ ನಿಶ್ಚಲತೆಯನ್ನೇ. ಅಪಾಯದ ಸುಳಿವು ಸಿಕ್ಕೊಡನೆ ಮಿದುಳು ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ; ಅದು ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಎಚ್ಚರಿಸುತ್ತದೆ. ಆಗ ಇಲಿಯ ರಕ್ತಕ್ಕೆ ಕಾರ್ಟಿಕೋಸ್ಟಿರೋನ್ ಎಂಬ ಹಾರ್ಮೋನು ಸೇರುತ್ತದೆ. ಮನುಷ್ಯರಲ್ಲಿ ಅದರ ಸ್ಥಾನದಲ್ಲಿರುವುದು ಕಾರ್ಟಿಸಾಲ್. ಅಪಾಯ ಎದುರಿಸಲು ದೇಹವನ್ನು ಸಜ್ಜುಗೊಳಿಸುವ ಈ ಹಾರ್ಮೋನು ಮಿದುಳಿಗೂ ತಲುಪಿ ಅಲ್ಲಿ ಗುರುತು ಉಳಿಸುತ್ತದೆ.

ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಈ ಗುರುತನ್ನು ಹುಡುಕಿದರು. ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೂ ಜೊತೆಗಿದ್ದರು. 2002ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಡಲಾಗಿತ್ತು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕೊಂಬೆಗಳು ಮುದುಡಿದವು. ಭಯದ ಕೇಂದ್ರವೆನ್ನಬಹುದಾದ, ಬಾದಾಮಿಯಾಕಾರದ ಅಮಿಗ್ಡಲದಲ್ಲಿ ಕೊಂಬೆಗಳು ಇನ್ನಷ್ಟು ಚಾಚಿಕೊಂಡವು. ಒತ್ತಡವೆಂದರೆ ಮಿದುಳಿನ ಸವಕಳಿ ಎಂಬುದೇ ರೂಢಿಯ ತಿಳಿವಳಿಕೆಯಾಗಿತ್ತು. ಇಲ್ಲಿ ಭಯ ಮಾತ್ರ ಬೆಳೆದಿತ್ತು. 2004ರ ಮುಂದುವರಿದ ಅಧ್ಯಯನದಲ್ಲಿ ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟರು. ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲ ಚೇತರಿಸಿಕೊಳ್ಳಲಿಲ್ಲ.

ನನ್ನನ್ನು ಕೂತಲ್ಲೇ ಹಿಡಿದು ನಿಲ್ಲಿಸಿದ್ದು 2005ರ ಪ್ರಬಂಧ. ಈ ಬಾರಿ ಇಲಿಗಳನ್ನು ಕಟ್ಟಿಹಾಕಿದ್ದು ಒಂದೇ ಸಲ, ಎರಡೇ ಗಂಟೆ. ಮರುದಿನ ನೋಡಿದರೆ ಏನೂ ಇಲ್ಲ. ಹತ್ತು ದಿನ ಕಳೆದ ಮೇಲೆ ಅಮಿಗ್ಡಲದ ನರಕೋಶಗಳ ಮೇಲೆ ಹೊಸ ಸಂಪರ್ಕಗಳಿಗೆ ನೆಲೆಯಾಗುವ ಮೊಳಕೆಗಳು ಹೆಚ್ಚಿದ್ದವು, ಇಲಿಗಳು ಅಂಜುಬುರುಕವಾಗಿದ್ದವು. ಅಂಜಿಕೆಯನ್ನು ಅಳೆಯಲು ನೆಲದಿಂದ ಎತ್ತರದಲ್ಲಿ ನಾಲ್ಕು ತೋಳಿನ ಹಲಗೆಯೊಂದನ್ನು ಇಡುತ್ತಾರೆ. ಎರಡು ತೋಳುಗಳಿಗೆ ಗೋಡೆಯಿದೆ, ಎರಡಕ್ಕೆ ಇಲ್ಲ. ಹೆದರಿದ ಇಲಿ ಗೋಡೆಯ ಮರೆ ಬಿಟ್ಟು ಬರುವುದಿಲ್ಲ. ಇಲಿಗೆ ಬಯಲಿನ ಭಯ, ನಾನು ಕಂಡ ಮಹಿಳೆಗೆ ಸೂರಿನ ಭಯ. ಎರಡು ತಾಸು, ಹತ್ತು ದಿನ ಎಂಬ ಲೆಕ್ಕ ಕೂಡಿಬಂದದ್ದು ಕಾಕತಾಳೀಯವೇ ಇರಬಹುದು. ಇಲಿ ಮನುಷ್ಯನಲ್ಲ ಎಂಬ ಎಚ್ಚರ ನನಗಿದೆ. ಆದರೆ ಆಘಾತದ ಬಾಧೆ ಕೆಲವರಲ್ಲಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ತಲೆದೋರುತ್ತದೆ ಎಂಬುದನ್ನು ಮನೋವೈದ್ಯರೂ ಬಲ್ಲರು.

ಹಾಗಾದರೆ ಈ ಹಾರ್ಮೋನೇ ಖಳನಾಯಕನೇ? 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ರೂಪ್ಷಿ ಮಿತ್ರಾ ಮತ್ತು ರಾಬರ್ಟ್ ಸಪೋಲ್ಸ್ಕಿ ಇಲಿಗಳಿಗೆ ಒಂದೇ ಬಾರಿ ಹೆಚ್ಚು ಕಾರ್ಟಿಕೋಸ್ಟಿರೋನ್ ಕೊಟ್ಟು, ಹನ್ನೆರಡು ದಿನಗಳ ಬಳಿಕ ಅದೇ ಅಂಜಿಕೆಯನ್ನೂ ಅಮಿಗ್ಡಲದಲ್ಲಿ ಅದೇ ಬಗೆಯ ಬೆಳವಣಿಗೆಯನ್ನೂ ಕಂಡರು. ಆದರೆ 2012ರಲ್ಲಿ ಚಟರ್ಜಿ ತಂಡ, ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್ಯೂವೆನ್ ಜೊತೆಗೂಡಿ, ವಿಚಿತ್ರವೊಂದನ್ನು ವರದಿ ಮಾಡಿತು. ಆಘಾತಕ್ಕೆ ಮೊದಲೇ ಈ ಹಾರ್ಮೋನು ಹೆಚ್ಚಿದ್ದ ಇಲಿಗಳಲ್ಲಿ ಹತ್ತು ದಿನಗಳ ನಂತರದ ಭಯ ಬರಲೇ ಇಲ್ಲ! ಒಂದೇ ದ್ರವ್ಯ, ಹೊತ್ತು ಬೇರೆಯಾದರೆ ಪರಿಣಾಮವೂ ಬೇರೆ. ತೀವ್ರನಿಗಾ ಘಟಕದ ಕೆಲವು ರೋಗಿಗಳಿಗೆ ಹೈಡ್ರೋಕಾರ್ಟಿಸೋನ್ ಕೊಟ್ಟಾಗ ಆಮೇಲಿನ ಆಘಾತದ ಬಾಧೆ ಕಡಿಮೆಯಾದದ್ದನ್ನು ಜರ್ಮನಿಯ ವೈದ್ಯರು ಅದಕ್ಕೂ ಮೊದಲೇ ಗಮನಿಸಿದ್ದರು.

ಈ ಬಗೆಯ ಪ್ರಯೋಗಗಳಲ್ಲಿ ಬಹುಕಾಲ ಬಳಸಿದ್ದು ಹೆಚ್ಚಾಗಿ ಗಂಡು ಇಲಿಗಳನ್ನೇ. ಹೆಣ್ಣಿಲಿಗಳಲ್ಲಿ ಭಯವನ್ನು ಮರೆಯುವ ಕಲಿಕೆ ಈಸ್ಟ್ರೋಜೆನ್‌ನ ಏರಿಳಿತಕ್ಕೆ ತಕ್ಕಂತೆ ಬದಲಾಗುತ್ತದೆಂದು ಗೊತ್ತಾದ ಮೇಲೂ ಈ ರೂಢಿ ನಡೆದುಬಂತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ತಾವು ಹಣ ನೀಡುವ ಸಂಶೋಧನೆಗಳಲ್ಲಿ ಎರಡೂ ಲಿಂಗಗಳನ್ನು ಗಣನೆಗೆ ತರಬೇಕೆಂದದ್ದು 2016ರಲ್ಲಿ. ಅಂಕಣವಿಲ್ಲದ ನಮೂನೆಗಳು ಸರ್ಕಾರಿ ಕಚೇರಿಗಳಲ್ಲಷ್ಟೇ ಇರುವುದಿಲ್ಲ.

ನಾನು ಓದಿದ್ದು ಅರ್ಥಶಾಸ್ತ್ರ. ನಷ್ಟವನ್ನು ಯಾವ ದಿನ ಅಳೆಯುತ್ತೇವೆ ಎಂಬುದರ ಮೇಲೆ ಲೆಕ್ಕ ನಿಲ್ಲುತ್ತದೆ ಎಂಬ ಮೊದಲ ಪಾಠ ನನಗೆ ಗೊತ್ತಿರಬೇಕಿತ್ತು. ನಾವು ಮೂರನೆಯ ದಿನ ಅಳೆದು, ಹತ್ತನೆಯ ದಿನ ಬರುವುದನ್ನು ಸೊನ್ನೆ ಎಂದು ಬರೆಯುತ್ತೇವೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿದಾಗಲೂ ಚರ್ಚೆಯೆಲ್ಲ ಮನೆ ಮತ್ತು ನಿವೇಶನದ ಸುತ್ತಲೇ ಇತ್ತು. ವಿಕೋಪದ ವೇಳೆ ಮಾನಸಿಕ ನೆರವು ಹೇಗಿರಬೇಕೆಂಬ ರಾಷ್ಟ್ರೀಯ ಮಾರ್ಗಸೂಚಿ ಅದೇ ಡಿಸೆಂಬರ್‌ನಲ್ಲಿ ಹೊರಬಂತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಿಂದಲೇ ಇದೆ. ಅದಕ್ಕೆ ಮಾದರಿಯಾದದ್ದು ಕೊಪ್ಪಳದ ನೆರೆಯ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಕರೆ ಮಾಡಬಹುದು.

ಆದರೆ ಗುಡಿಕಟ್ಟೆಯಲ್ಲಿ ಮಲಗುವ ಹೆಂಗಸು ಸಹಾಯವಾಣಿಗೆ ಕರೆ ಮಾಡುವುದಿಲ್ಲ. ತನಗಿರುವುದು ಕಾಯಿಲೆ ಎಂದೇ ಆಕೆಗೆ ತಿಳಿದಿರುವುದಿಲ್ಲ. ಮನೆ ಕುಸಿದವರ ಪಟ್ಟಿ ಹೇಗೂ ತಹಶೀಲ್ದಾರರ ಬಳಿ ಇರುತ್ತದೆ. ಅದರ ಪ್ರತಿಯೊಂದನ್ನು ಆಶಾ ಕಾರ್ಯಕರ್ತೆಯರಿಗೆ ಕೊಟ್ಟು, ಹದಿನೈದನೆಯ ದಿನ ಮತ್ತು ಎರಡು ತಿಂಗಳ ನಂತರ ಒಮ್ಮೊಮ್ಮೆ ಆ ಮನೆಗಳಿಗೆ ಕಳಿಸುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ರಾತ್ರಿ ಎಲ್ಲಿ ಮಲಗುತ್ತೀರಿ, ನಿದ್ದೆ ಬರುತ್ತದೆಯೇ ಎಂಬೆರಡು ಪ್ರಶ್ನೆ ಕೇಳಿ, ಬೇಕಾದವರನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿದರೆ ಸಾಕು.