ಮಗಳ ಸೈಕಲ್, ನಮ್ಮ ಸ್ಪ್ಯಾನರ್, ಚಾಚಾರ ಅಂಗಡಿ

ಎರಡು ವರ್ಷಗಳ ಹಿಂದಿನ ಮಾತು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುನ್ನಾದಿನ ಮಗಳ ಸೈಕಲನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟು, “ಎಲ್ಲಾ ನೋಡಿ ಸರಿ ಮಾಡಿ ಕೊಡಿ” ಎಂದು ಹೇಳಿ ಬಂದಿದ್ದೆವು. ಸಂಜೆ ಸೈಕಲ್ ಮನೆಗೆ ಬಂದಾಗ ಹೊಸದರಂತೆ ಹೊಳೆಯುತ್ತಿತ್ತು. ಚೈನು, ಚಕ್ರದ ನಡುಭಾಗ, ಸ್ಟ್ಯಾಂಡು ಹೀಗೆ ಎಲ್ಲೆಡೆಯೂ ಎಣ್ಣೆ ಹಾಕಿದ್ದರು. ಕೇಳಿದಷ್ಟು ಹಣ ಕೊಟ್ಟು ಸಂತೋಷಪಟ್ಟೆವು. ಮರುದಿನ ಬೆಳಗ್ಗೆ ಮಸೀದಿಯ ಹಿಂದಿನ ಇಳಿಜಾರಿನಲ್ಲಿ ಮಗಳು ಬ್ರೇಕ್ ಹಿಡಿದಳು. ಸೈಕಲ್ ನಿಲ್ಲಲಿಲ್ಲ. ತಿರುವಿನಲ್ಲಿ ನೇರವಾಗಿ ಮುಳ್ಳು ಬೇಲಿಗೆ ನುಗ್ಗಿತು. ಗಲ್ಲಕ್ಕೆ ಮೂರು ಹೊಲಿಗೆ ಬಿದ್ದವು. ಆ ಹೊತ್ತಿಗೆ ಎದುರಿನಿಂದ ಬಸ್ಸು ಬರಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ಆಸ್ಪತ್ರೆಯಿಂದ ಬಂದ ಮೇಲೆ ಚಕ್ರದ ರಿಮ್ಮನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಪೂರ್ತಿ ಎಣ್ಣೆಯ ಜಿಡ್ಡು! ಬ್ರೇಕಿನ ರಬ್ಬರು ರಿಮ್ಮನ್ನು ಒತ್ತಿ ಹಿಡಿದರೆ ತಾನೇ ಚಕ್ರ ನಿಲ್ಲುವುದು? ಅಲ್ಲಿ ಎಣ್ಣೆ ಬಿದ್ದರೆ ಎಷ್ಟು ಒತ್ತಿದರೂ ಜಾರುತ್ತದೆ. ಹಿಂದಿನ ಬ್ರೇಕಿನ ರಬ್ಬರಂತೂ ಒಳಗಿನ ಕಬ್ಬಿಣ ಕಾಣುವಷ್ಟು ಸವೆದಿತ್ತು. ಪತಿ ಕೋಪದಿಂದ ಅಂಗಡಿಗೆ ಹೋದರು. “ಬ್ರೇಕ್ ನೋಡಿ ಅಂತ ನೀವು ಹೇಳಲೇ ಇಲ್ಲವಲ್ಲ ಸಾಹೇಬರೇ” ಎಂದರಂತೆ ಅಂಗಡಿಯವರು. ‘ಎಲ್ಲಾ’ ಎಂದರೆ ಅವರ ಪಾಲಿಗೆ ತೊಳೆದು ಎಣ್ಣೆ ಹಾಕುವುದು.

ಅವರ ತಪ್ಪು ಸಣ್ಣದಲ್ಲ. ಆದರೆ ಸೈಕಲ್ ರಾತ್ರಿಯಿಡೀ ನಮ್ಮ ಅಂಗಳದಲ್ಲೇ ನಿಂತಿತ್ತು. ಒಮ್ಮೆ ಬ್ರೇಕ್ ಹಿಡಿದು ತಳ್ಳಿ ನೋಡಲು ಒಂದು ನಿಮಿಷ ಸಾಕಿತ್ತು. ಮನೆಯಲ್ಲಿ ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಅಂದಿನಿಂದ ಈ ವಿಷಯ ನಮ್ಮ ಮನೆಯಲ್ಲಿ ಚರ್ಚೆಗೆ ಬಂತು. ಇನ್ನು ಅಂಗಡಿಯ ಗೊಡವೆಯೇ ಬೇಡ, ಮೊಬೈಲಿನಲ್ಲಿ ವೀಡಿಯೊ ನೋಡಿ ಎಲ್ಲವನ್ನೂ ನಾವೇ ಮಾಡಿಕೊಳ್ಳೋಣ ಎಂದು ಮಗ. ಹತ್ತು ರೂಪಾಯಿ ಉಳಿಸಲು ಹೋಗಿ ನೂರು ರೂಪಾಯಿಯ ಕೆಲಸ ತರಬೇಡಿ, ಬೇರೆ ಒಳ್ಳೆಯ ಅಂಗಡಿ ಹುಡುಕೋಣ ಎಂದು ಪತಿ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿತ್ತು.

ಪಂಕ್ಚರನ್ನೇ ತೆಗೆದುಕೊಳ್ಳಿ. ಅದಕ್ಕೆ ಅಂಗಡಿಯೇ ಬೇಕೆಂದಿಲ್ಲ. ಎರಡು ಟೈರ್ ಲಿವರ್, ಒಂದು ಪಂಪು, ಪ್ಯಾಚು, ಸಲ್ಯೂಶನ್ ಟ್ಯೂಬು, ತುಂಡು ಸ್ಯಾಂಡ್ ಪೇಪರ್, ಒಂದು ಬೇಸಿನ್ ನೀರು, ಇಷ್ಟಿದ್ದರೆ ಸಾಕು. ಚಕ್ರ ಕಳಚಬೇಕಾಗಿಯೂ ಇಲ್ಲ. ಟೈರಿನ ಒಂದು ಬದಿಯನ್ನು ಎಬ್ಬಿಸಿ, ಟ್ಯೂಬ್ ಹೊರಗೆಳೆದು, ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುವ ಜಾಗ ಕಾಣುತ್ತದೆ. ಅದನ್ನು ಒರೆಸಿ, ಉಜ್ಜಿ, ತೆಳುವಾಗಿ ಸಲ್ಯೂಶನ್ ಹಚ್ಚಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಹಸಿ ಇರುವಾಗಲೇ ಪ್ಯಾಚ್ ಅಂಟಿಸಿಬಿಡುತ್ತಾರೆ. ಸಲ್ಯೂಶನ್ ಸುಮಾರು ಐದು ನಿಮಿಷ ಒಣಗಿ, ಬೆರಳಿಗೆ ಮೆತ್ತದಂತೆ ಆದ ಮೇಲೆಯೇ ಪ್ಯಾಚ್ ಇಟ್ಟು ಬಲವಾಗಿ ಒತ್ತಬೇಕು. ಮೊದಲ ಸಲ ನಾನು ಅಂಟಿಸಿದ ಪ್ಯಾಚು ಮದ್ರಸದ ಗೇಟಿನ ತನಕವೂ ಬಾಳಲಿಲ್ಲ.

ಇನ್ನೊಂದು ಮಾತು. ತೂತು ಮುಚ್ಚಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ತೂತು ಮಾಡಿದ ಮುಳ್ಳು ಟೈರಿನೊಳಗೇ ಇರಬಹುದು. ಬರಿಗೈಯಲ್ಲಿ ತಡಕಿದರೆ ಬೆರಳಿಗೆ ಚುಚ್ಚೀತು. ಹಳೆಯ ಹತ್ತಿ ಬಟ್ಟೆಯನ್ನು ಟೈರಿನ ಒಳಭಾಗದಲ್ಲಿ ಸುತ್ತಲೂ ಎಳೆಯಿರಿ. ಮುಳ್ಳಿದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ನೀರಿನಲ್ಲಿ ಗುಳ್ಳೆಯೇ ಬರದಿದ್ದರೆ ವಾಲ್ವ್ ನೋಡಿ. ನಮ್ಮ ಸಾಮಾನ್ಯ ಸೈಕಲ್‌ಗಳ ವಾಲ್ವಿನೊಳಗೆ ಒಂದು ಸಣ್ಣ ರಬ್ಬರ್ ನಳಿಗೆ ಇರುತ್ತದೆ. ಅದು ಹಳತಾಗಿ ಬಿರಿದರೆ ಗಾಳಿ ನಿಧಾನವಾಗಿ ಇಳಿಯುತ್ತದೆ. ಅದನ್ನು ತಿಳಿಯದೆ ಟ್ಯೂಬನ್ನೇ ಬದಲಿಸಿದವರಿದ್ದಾರೆ.

ಚೈನು ಹಾಳಾಗಿದೆಯೇ ಎಂದು ತಿಳಿಯಲು ಮಕ್ಕಳ ಶಾಲೆಯ ಸ್ಕೇಲು ಸಾಕು. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಅಂದರೆ 24 ಕೊಂಡಿಗಳಿಗೆ ಸರಿಯಾಗಿ 12 ಇಂಚು. ಸವೆದಂತೆ ಈ ಅಳತೆ ಬೆಳೆಯುತ್ತದೆ. ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಾದರೆ ಚೈನು ಬದಲಿಸುವುದು ಲೇಸು. ಎಂಟನೇ ಒಂದು ಭಾಗ ಬೆಳೆಯುವ ತನಕ ಬಿಟ್ಟರೆ ಹಲ್ಲು ಚಕ್ರಗಳೂ ಸವೆದಿರುತ್ತವೆ. ಅಂಗಡಿಯಲ್ಲಿ “ಚೈನ್ ಹೋಗಿದೆ” ಎಂದಾಗ ತಲೆಯಾಡಿಸುವ ಮೊದಲು ಅಳೆದು ನೋಡಬಹುದಲ್ಲ?

ಬ್ರೇಕ್ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಸೈಕಲಿನ ಪಕ್ಕದಲ್ಲಿ ನಿಂತು ಒಂದೊಂದೇ ಬ್ರೇಕ್ ಹಿಡಿದು ಮುಂದಕ್ಕೆ ತಳ್ಳಿ. ಹಿಡಿದ ಚಕ್ರ ತಿರುಗಬಾರದು. ರಬ್ಬರು ರಿಮ್ಮಿಗೆ ಮಾತ್ರ ತಾಗಬೇಕು, ಟೈರಿಗೆ ತಾಗಬಾರದು. ರಿಮ್ಮಿನ ಮೇಲೆ ಎಣ್ಣೆ ಬಿದ್ದಿದ್ದರೆ ಸೋಪಿನ ನೀರಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಬೇಕು. ಎಣ್ಣೆ ಕುಡಿದ ರಬ್ಬರನ್ನು ಬದಲಿಸಿಬಿಡುವುದೇ ಒಳ್ಳೆಯದು.

ಆದರೆ ಮಗನ ಉತ್ಸಾಹಕ್ಕೂ ಒಂದು ಮಿತಿ ಬಂತು. ಒಂದು ಭಾನುವಾರ ಎಡಗಡೆಯ ಪೆಡಲ್ ಬದಲಿಸಲು ಕುಳಿತ. ಎಲ್ಲಾ ನಟ್ಟುಗಳಂತೆ ಎಡಕ್ಕೆ ತಿರುಗಿಸಿದ. ಬರಲಿಲ್ಲ. ಸ್ಪ್ಯಾನರಿಗೆ ಪೈಪು ಸೇರಿಸಿ ಬಲ ಹಾಕಿದ. ಇನ್ನಷ್ಟು ಬಿಗಿಯಿತು. ಎಡ ಪೆಡಲಿನ ತಿರುಪು ಉಲ್ಟಾ ಎಂಬುದು ಅವನಿಗೆ ಗೊತ್ತಿರಲಿಲ್ಲ. ತುಳಿಯುವಾಗ ತಾನಾಗಿ ಸಡಿಲವಾಗದಿರಲೆಂದು ಅದನ್ನು ಹಾಗೆ ಮಾಡಿರುತ್ತಾರೆ. ಕೊನೆಗೆ ತಿರುಪಿನ ಎಳೆಯೇ ಕಿತ್ತು, ಪೆಡಲಿನ ತೋಳನ್ನೂ ಬದಲಿಸಬೇಕಾಯಿತು. ಪತಿ ಏನೂ ಹೇಳಲಿಲ್ಲ, ನಕ್ಕರು ಅಷ್ಟೆ.

ಆಗ ಸಿಕ್ಕಿದ್ದು ರೈಲ್ವೆ ಗೇಟಿನ ಬಳಿಯ ಚಾಚಾರ ಅಂಗಡಿ. ಒಂದು ಕಾಲಕ್ಕೆ ಗಂಟೆಗಿಷ್ಟೆಂದು ಬಾಡಿಗೆ ಸೈಕಲ್ ಕೊಡುತ್ತಿದ್ದವರು. ಈಗ ರಿಪೇರಿ ಮಾತ್ರ. ಬೆಂಡಾದ ಚಕ್ರವನ್ನು ಅವರು ನೇರ ಮಾಡುವುದನ್ನು ನೋಡಿದ ಮೇಲೆ ಇದು ಮನೆಯಲ್ಲಿ ಕಲಿತು ಮುಗಿಯುವ ವಿದ್ಯೆಯಲ್ಲ ಎಂದು ತಿಳಿಯಿತು. ಹಳೆಯ ಮಾದರಿಯ ಸೈಕಲಿನಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳು. ಒಂದು ಕಡ್ಡಿ ಬಿಗಿದರೆ ರಿಮ್ ಅತ್ತ ವಾಲುತ್ತದೆ, ಅದರ ಜೊತೆಗಾರನನ್ನು ಸಡಿಲಿಸಬೇಕು. ಅವರು ಚಕ್ರ ತಿರುಗಿಸಿ, ಸೀಮೆಸುಣ್ಣ ಹಿಡಿದು, ಅದು ತಾಗಿದ ಜಾಗದಲ್ಲಿ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಹೋದರು. ಚಕ್ರದ ನಡುವಿನ ಗುಂಡುಗಳನ್ನು ಬದಲಿಸುವುದು, ಪೆಡಲಿನ ತೋಳಿನ ಕಾಟರ್ ಪಿನ್ ಹೊಡೆದು ಕೂರಿಸುವುದು, ಇವೆಲ್ಲ ಕೈಗೆ ಅಭ್ಯಾಸವಿರುವವರ ಕೆಲಸ.

ಚಾಚಾ ಕಳಚಿದ ಹಳೆಯ ಸಾಮಾನನ್ನು ಒಂದು ಕಾಗದದಲ್ಲಿ ಸುತ್ತಿ ನಮ್ಮ ಕೈಗೇ ಕೊಡುತ್ತಾರೆ. “ನೋಡಮ್ಮಾ, ಗುಂಡು ಹೇಗೆ ಸವೆದಿದೆ. ನೀವು ನೋಡದಿದ್ದರೆ ನಾನು ಹೇಳಿದ್ದೇ ಲೆಕ್ಕ ಆಗಿಬಿಡುತ್ತದೆ” ಎಂದರು. ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಮೇಲೆ ಒಣಗಿದ್ದು ಒಳಗೆ ಒದ್ದೆ ಇದ್ದುದನ್ನು ಕಂಡು ಮಾರುವವನನ್ನು ಎಚ್ಚರಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಆ ಹೊಳೆಯುವ ಸೈಕಲನ್ನು ನೆನೆದಾಗಲೆಲ್ಲ ಆ ಧಾನ್ಯದ ರಾಶಿ ನೆನಪಾಗುತ್ತದೆ. ಮಾರುವವನಿಗೆ ಅಲ್ಲಿ ಎಚ್ಚರಿಕೆಯಿದೆ. ಕೊಳ್ಳುವ ನಾವು ಕೈ ಹಾಕಿ ನೋಡುವುದೂ ಅದರಲ್ಲೇ ಇದೆ ಎಂದು ನನಗನಿಸುತ್ತದೆ.

ನಮ್ಮ ಕಡೆಯಿಂದಲೂ ಅನ್ಯಾಯ ಆಗುತ್ತದೆ. ದೊಡ್ಡ ಮಳಿಗೆಗಳಲ್ಲಿ ಬರೆದ ಬೆಲೆ ಕೊಟ್ಟು ಬರುವ ನಾವು, ಅರ್ಧ ದಿನ ನೆಲದಲ್ಲಿ ಕುಳಿತು ದುಡಿದವರೊಂದಿಗೆ ಐದು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. 2006ರ ಸಾಚಾರ್ ಸಮಿತಿ ವರದಿಯು ದುಡಿಯುವ ಮುಸ್ಲಿಮರಲ್ಲಿ ಸ್ವಂತ ಕಸುಬು ಮಾಡುವವರ ಪ್ರಮಾಣ ಇತರರಿಗಿಂತ ಹೆಚ್ಚೆಂದು ತೋರಿಸಿತ್ತು. ಇಂಥ ಅಂಗಡಿಗಳಿಂದ ಒಲೆ ಉರಿಯುವ ಮನೆಗಳು ನಮ್ಮ ನಡುವೆ ಎಷ್ಟಿಲ್ಲ! (1903ರಲ್ಲಿ ವಿಮಾನ ಹಾರಿಸಿದ ರೈಟ್ ಸಹೋದರರೂ ಡೇಟನ್ ಎಂಬ ಊರಿನಲ್ಲಿ 1892ರಲ್ಲಿ ಸೈಕಲ್ ಅಂಗಡಿ ತೆರೆದವರು. ಈ ಮಾತಿಗೆ ಚಾಚಾ ನಂಬದವರಂತೆ ನಕ್ಕರು.)

ಇದು ಗಂಡಸರ ಕೆಲಸವಲ್ಲವೇ ಎಂದು ನೆರೆಮನೆಯವರೊಬ್ಬರು ಕೇಳಿದರು. 2006-07ರಲ್ಲಿ ನಮ್ಮ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿದ ಮೇಲೆ, ಎಂದೂ ಸೈಕಲ್ ಏರದ ತಾಯಂದಿರ ಹೆಣ್ಣು ಮಕ್ಕಳು ಪಕ್ಕದೂರಿನ ಹೈಸ್ಕೂಲಿಗೆ ಹೋಗತೊಡಗಿದರು. ಒಂದು ಪಂಕ್ಚರಿಗೆ ಮೂರು ದಿನ ಶಾಲೆ ತಪ್ಪಿಸಿಕೊಂಡ ಹುಡುಗಿಯರನ್ನು ನಾನು ಬಲ್ಲೆ. ತಂದೆ ಕೊಲ್ಲಿಯಲ್ಲಿದ್ದರೆ ಕಾಯುವುದು ಯಾರಿಗಾಗಿ? ಪ್ರವಾದಿ(ಸ)ರು ಮನೆಯಲ್ಲಿ ತಮ್ಮ ಚಪ್ಪಲಿಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು, ಬಟ್ಟೆ ಹೊಲಿದುಕೊಳ್ಳುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಮನೆಗೆಲಸದಲ್ಲಿ ಇದು ಗಂಡಸಿನದು, ಇದು ಹೆಂಗಸಿನದು ಎಂದು ಗೆರೆ ಎಳೆದವರು ನಾವೇ.

ಈಗ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಲಿವರು, ಪ್ಯಾಚು, ಸ್ಪ್ಯಾನರು, ವಾಲ್ವಿನ ರಬ್ಬರು ಅದರಲ್ಲಿವೆ. ಶುಕ್ರವಾರ ಸಂಜೆ ಮಗಳೇ ಗಾಳಿ, ಬ್ರೇಕು, ಚೈನು ನೋಡುತ್ತಾಳೆ. ವರ್ಷಕ್ಕೆರಡು ಸಲ ಸೈಕಲ್ ಚಾಚಾರ ಬಳಿ ಹೋಗುತ್ತದೆ, ಮಾಡಬೇಕಾದ ಕೆಲಸಗಳನ್ನು ಬರೆದ ಚೀಟಿಯೊಂದಿಗೆ. ಕಳೆದ ಸಲ ಚೀಟಿಯಲ್ಲಿ ಏಳು ಕೆಲಸ ಬರೆದಿದ್ದಳು. ಚಾಚಾ ಓದಿ, ಎರಡನ್ನು ಪೆನ್ನಿನಿಂದ ಹೊಡೆದುಹಾಕಿ, “ಇದು ನೀನೇ ಮಾಡು ಬೇಟಿ, ಇದಕ್ಕೆ ದುಡ್ಡು ಕೊಡಬೇಡ” ಎಂದು ಚೀಟಿ ಹಿಂದಕ್ಕೆ ಕೊಟ್ಟರು.